ಖಾಲಿ ಮನೆಯೂ ಸೊನ್ನೆಯೂ ಒಂದಲ್ಲ



ಗಣಿತದ ಮಾಸ್ತರನಾಗಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಸರಾಸರಿಯನ್ನು ಕಲಿಸಿದವನು ನಾನು. ಕೂಡಿಸು, ಎಣಿಸು, ಭಾಗಿಸು ಎಂಬ ಮೂರು ಮಾತುಗಳನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ನಿಮ್ಮಲ್ಲಿ ಅನೇಕರು ಆ ಹಲಗೆಯ ಮುಂದೆ ಕುಳಿತವರು. ಸರಾಸರಿಯಷ್ಟು ಸುಲಭವಾದ ಪಾಠ ಬೇರೊಂದಿಲ್ಲವೆಂದು ನಿಮಗೆ ಹೇಳಿದ್ದೆ. ಆ ಮಾತನ್ನು ಇಂದು ಹಿಂತೆಗೆದುಕೊಳ್ಳಬೇಕಾಗಿದೆ. ಹಿಂತೆಗೆದುಕೊಳ್ಳುವಂತೆ ಮಾಡಿದವಳು ನನ್ನ ಮೊಮ್ಮಗಳು.

ಆಕೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆಗೆಂದು ದೇಗಾಂವಕ್ಕೆ ಬಂದವಳು ಪಡಸಾಲೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಗಂಟೆಯಿಂದ ಗೊಣಗುತ್ತಿದ್ದಳು. ಏನಾಯಿತೆಂದು ಕೇಳಿದೆ.

“ಅಜ್ಜಾ, ಲೆಕ್ಕ ಭಾಳ ಸಣ್ಣದೈತಿ. ಆದ್ರ ಉತ್ತರ ತಪ್ಪು ಅಂತ ಬರಾಕತ್ತೈತಿ. ಎಲ್ಲಿ ತಪ್ಪೇನಿ ತಿಳೀವಲ್ದು.”

ಲೆಕ್ಕ ಇಷ್ಟೇ. ಒಂದು ಕಡತದಲ್ಲಿ ಸಾಲುಸಾಲಾಗಿ ಎರಡೆರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ವಿದ್ಯಾರ್ಥಿಯ ಕ್ರಮಸಂಖ್ಯೆ, ಎರಡನೆಯದು ಆ ವಿದ್ಯಾರ್ಥಿ ಒಂದು ಪರೀಕ್ಷೆಯಲ್ಲಿ ಪಡೆದ ಅಂಕ. ಒಬ್ಬ ವಿದ್ಯಾರ್ಥಿ ಒಂದು ಪರೀಕ್ಷೆ ಬರೆದಿರಬಹುದು, ಇನ್ನೊಬ್ಬ ಮೂರು ಬರೆದಿರಬಹುದು. ಸಾಲುಗಳು ಯಾವ ಕ್ರಮದಲ್ಲಿಯೂ ಇರುವುದಿಲ್ಲ. ಪ್ರತಿಯೊಬ್ಬರ ಗರಿಷ್ಠ ಅಂಕವನ್ನು ಆರಿಸಿ, ಆ ಗರಿಷ್ಠ ಅಂಕಗಳ ಸರಾಸರಿಯನ್ನು ತೆಗೆಯುವ ಪ್ರೋಗ್ರಾಂ ಬರೆಯಬೇಕು.

ನನಗೆ ಪೈಥಾನ್ ಭಾಷೆ ಬಾರದು. ಆದರೆ ಅಂಕಪಟ್ಟಿ ಬರುತ್ತದೆ. ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ಮನೆಗಳನ್ನು ಗೆರೆ ಹೊಡೆದು ಆಕೆಗೆ ತೋರಿಸಿದೆ. ಒಬ್ಬ ವಿದ್ಯಾರ್ಥಿಗೆ ಒಂದು ಮನೆ. ಕಡತದಿಂದ ಒಂದೊಂದೇ ಸಾಲನ್ನು ಓದುತ್ತ ಹೋಗಬೇಕು. ಆ ವಿದ್ಯಾರ್ಥಿಯ ಮನೆ ಖಾಲಿಯಿದ್ದರೆ ಅಂಕವನ್ನು ಬರೆಯಬೇಕು. ಮೊದಲೇ ಅಂಕವಿದ್ದು, ಹೊಸದು ಅದಕ್ಕಿಂತ ದೊಡ್ಡದಾದರೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯಬೇಕು, ಚಿಕ್ಕದಾದರೆ ಮುಂದೆ ಸಾಗಬೇಕು. ಎಲ್ಲ ಸಾಲುಗಳೂ ಮುಗಿದ ಮೇಲೆ ಮನೆಗಳಲ್ಲಿ ಉಳಿದಿರುವ ಅಂಕಗಳನ್ನು ಕೂಡಿಸಿ ಮನೆಗಳ ಸಂಖ್ಯೆಯಿಂದ ಭಾಗಿಸಬೇಕು. ಇದನ್ನೇ ಪೈಥಾನ್‌ನಲ್ಲಿ ‘ಡಿಕ್ಷನರಿ’ ಎಂಬುದರ ಸಹಾಯದಿಂದ ಮಾಡುತ್ತಾರೆಂದು ಆಕೆ ಹೇಳಿದಳು. ಕ್ರಮಸಂಖ್ಯೆಯೇ ಶಬ್ದ, ಗರಿಷ್ಠ ಅಂಕವೇ ಅರ್ಥ. ಹೆಸರು ನನಗೆ ಹಿಡಿಸಿತು.

ಆಕೆಯ ತಪ್ಪು ಎಲ್ಲಿತ್ತೆಂಬುದನ್ನು ಒಂದು ಉದಾಹರಣೆಯಿಂದ ಕಂಡುಕೊಂಡೆವು. ಒಂದನೆಯ ವಿದ್ಯಾರ್ಥಿಗೆ 40, 62, 55. ಎರಡನೆಯವನಿಗೆ 71 ಮಾತ್ರ. ಮೂರನೆಯವನಿಗೆ 35, 48. ಒಟ್ಟು ಆರು ಸಾಲುಗಳು, ಮೂವರು ವಿದ್ಯಾರ್ಥಿಗಳು. ಗರಿಷ್ಠ ಅಂಕಗಳು 62, 71 ಮತ್ತು 48. ಇವುಗಳ ಮೊತ್ತ 181. ಮೂವರಿಂದ ಭಾಗಿಸಿದರೆ 60.33. ನನ್ನ ಮೊಮ್ಮಗಳ ಪ್ರೋಗ್ರಾಂ ಸಾಲುಗಳನ್ನು ಎಣಿಸಿ ಆರರಿಂದ ಭಾಗಿಸುತ್ತಿತ್ತು. ಆದ್ದರಿಂದ ಉತ್ತರ 30.17 ಬರುತ್ತಿತ್ತು. ಮಕ್ಕಳನ್ನು ಎಣಿಸಬೇಕಾದ ಕಡೆ ಉತ್ತರಪತ್ರಿಕೆಗಳನ್ನು ಎಣಿಸಿದ್ದಳು. ತಪ್ಪು ಸಿಕ್ಕಿತೆಂದು ಸಂತೋಷಪಟ್ಟಳು.

ನಾನು ಮಾತ್ರ ಆ ಹಾಳೆಯನ್ನು ಬಿಡಲಾರದೆ ನೋಡುತ್ತ ಕುಳಿತೆ. ಇದೇ ಆರು ಸಂಖ್ಯೆಗಳಿಂದ ಇನ್ನೂ ಎರಡು ಉತ್ತರಗಳು ಹುಟ್ಟುತ್ತವೆ. ಎಲ್ಲ ಅಂಕಗಳನ್ನೂ ಕೂಡಿಸಿ ಆರರಿಂದ ಭಾಗಿಸಿದರೆ 51.83. ಮೊದಲು ಪ್ರತಿಯೊಬ್ಬನ ಸರಾಸರಿಯನ್ನು ತೆಗೆದು, ಆ ಬಳಿಕ ಮೂವರ ಸರಾಸರಿಗಳ ಸರಾಸರಿಯನ್ನು ತೆಗೆದರೆ 54.94. ಈ ಎರಡರಲ್ಲಿಯೂ, 60.33ರಲ್ಲಿಯೂ ಗಣಿತದ ತಪ್ಪಿಲ್ಲ. ಮಕ್ಕಳು ಅವರೇ, ಉತ್ತರಪತ್ರಿಕೆಗಳು ಅವೇ. ಯಾವುದನ್ನು ‘ತರಗತಿಯ ಮಟ್ಟ’ ಎಂದು ಕರೆಯಬೇಕೆಂಬುದನ್ನು ಗಣಿತ ಹೇಳುವುದಿಲ್ಲ, ಗಣಕಯಂತ್ರವೂ ಹೇಳುವುದಿಲ್ಲ. ಅದು ಕೇಳುವವನು ಮಾಡಬೇಕಾದ ತೀರ್ಮಾನ.

ಆಗ ಆಕೆಗೆ ಇನ್ನೊಂದು ಪ್ರಶ್ನೆ ಕೇಳಿದೆ. “ನಾಲ್ಕನೇ ನಂಬರಿನ ಹುಡುಗಿ ಹಾಜರಿ ಪುಸ್ತಕದಾಗ ಅದಾಳ, ಒಂದು ಪರೀಕ್ಷೆನೂ ಬರದಿಲ್ಲ. ಆಕಿನ್ನ ಏನ್ ಮಾಡ್ತಿ?”

“ಕಡತದಾಗ ಆಕಿ ಇಲ್ಲ ಅಜ್ಜಾ. ಪ್ರೋಗ್ರಾಂಗೆ ಆಕಿ ಕಾಣ್ಸೂದ ಇಲ್ಲ.”

ಅದೇ ನನ್ನನ್ನು ಚುಚ್ಚಿದ್ದು. ಆಕೆಗೆ ಸೊನ್ನೆ ಹಾಕಿ ನಾಲ್ಕರಿಂದ ಭಾಗಿಸಿದರೆ ತರಗತಿಯ ಸರಾಸರಿ 45.25ಕ್ಕೆ ಇಳಿಯುತ್ತದೆ. ಬಿಟ್ಟುಬಿಟ್ಟರೆ 60.33ರಲ್ಲಿಯೇ ಉಳಿಯುತ್ತದೆ. ಸೊನ್ನೆ ಹಾಕುವುದು ಆಕೆಗೆ ಮಾಡುವ ಅನ್ಯಾಯ, ಏಕೆಂದರೆ ಆಕೆಗೆ ಏನೂ ಬಾರದೆಂದು ಯಾರೂ ಪರೀಕ್ಷಿಸಿ ನೋಡಿಲ್ಲ. ಬಿಟ್ಟುಬಿಡುವುದು ಇನ್ನೂ ದೊಡ್ಡ ಅನ್ಯಾಯ, ಏಕೆಂದರೆ ಆಗ ಆಕೆ ಇಲ್ಲದಿರುವುದೇ ತರಗತಿಗೆ ಲಾಭವೆನಿಸುತ್ತದೆ.

ಈ ಮಾತನ್ನು ಮುಂದುವರಿಸುವ ಮೊದಲು ನಿಮಗೆಲ್ಲ ಗೊತ್ತಿರುವ ಒಂದು ಸಂಗತಿಯನ್ನು ನೆನಪಿಸುತ್ತೇನೆ. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ನೀರಜ್ ಚೋಪ್ರಾ ಭರ್ಜಿ ಎಸೆತದಲ್ಲಿ ಚಿನ್ನ ಗೆದ್ದನು. ಅಂತಿಮ ಸುತ್ತಿನ ಆರು ಅವಕಾಶಗಳಲ್ಲಿ ಆತನ ಮೊದಲ ಎಸೆತ 87.03 ಮೀಟರ್, ಎರಡನೆಯದು 87.58, ಮೂರನೆಯದು 76.79. ನಾಲ್ಕನೆಯದೂ ಐದನೆಯದೂ ಅನೂರ್ಜಿತ. ಆರನೆಯದು 84.24. ಆತನಿಗೆ ಚಿನ್ನವನ್ನು ತಂದದ್ದು 87.58, ಅಂದರೆ ಗರಿಷ್ಠ ಎಸೆತ. ನಮ್ಮ ಶಾಲೆಗಳ ರೂಢಿಯಂತೆ ಅನೂರ್ಜಿತ ಎಸೆತಗಳಿಗೆ ಸೊನ್ನೆ ಹಾಕಿ ಆರರಿಂದ ಭಾಗಿಸಿದ್ದರೆ ಆತನ ಸರಾಸರಿ 55.94 ಮೀಟರ್ ಆಗುತ್ತಿತ್ತು. ದಾಖಲೆಯ ಪುಸ್ತಕದಲ್ಲಿ ಆ ಎರಡು ಎಸೆತಗಳ ಮುಂದೆ ಸೊನ್ನೆ ಇಲ್ಲ, ಕತ್ತರಿ ಗುರುತು ಇದೆ. ಭರ್ಜಿ ಸೊನ್ನೆ ಮೀಟರ್ ದೂರ ಹೋಯಿತೆಂದು ಅದರ ಅರ್ಥವಲ್ಲ. ಅಳತೆಗೆ ತೆಗೆದುಕೊಳ್ಳಲಿಲ್ಲವೆಂದು ಅರ್ಥ. ಆಟದ ಮೈದಾನದವರು ತಿಳಿದುಕೊಂಡ ಈ ವ್ಯತ್ಯಾಸವನ್ನು ಗಣಿತದ ಮಾಸ್ತರನಾದ ನಾನು ಬಹುಕಾಲ ತಿಳಿದುಕೊಂಡಿರಲಿಲ್ಲ.

ಹೇಗೆಂಬುದನ್ನು ಹೇಳಬೇಕು. ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ.

ನಾನಿನ್ನೂ ಹೊಸಬನಾಗಿದ್ದ ಕಾಲ. ಎರೆಭೂಮಿಯ ಕಡೆಯ ಒಂದು ಶಾಲೆಯಲ್ಲಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹೆಸರನ್ನು ಬರೆಯುವುದಿಲ್ಲ. ಅಕ್ಷರ ದುಂಡಗೆ, ಲೆಕ್ಕದ ಹೆಜ್ಜೆಗಳು ಸ್ವಚ್ಛ. ವರ್ಷದ ನಾಲ್ಕು ಪರೀಕ್ಷೆಗಳಲ್ಲಿ ಎರಡನ್ನು ಬರೆದಳು, 58 ಮತ್ತು 64 ಅಂಕಗಳು ಬಂದಿದ್ದವು. ಉಳಿದೆರಡು ಪರೀಕ್ಷೆಗಳು ಹತ್ತಿ ಬಿಡಿಸುವ ದಿನಗಳಲ್ಲಿ ಬಿದ್ದವು. ತಾಯಿಯೊಡನೆ ಕೂಲಿಗೆ ಹೋಗುತ್ತಿದ್ದ ಹುಡುಗಿ ಪರೀಕ್ಷೆಗೆ ಬರಲಿಲ್ಲ. ಅಂಕಪಟ್ಟಿಯಲ್ಲಿ ಎರಡು ಮನೆಗಳು ಖಾಲಿ ಉಳಿದವು. ವರ್ಷದ ಕೊನೆಗೆ ಫಲಿತಾಂಶ ತಯಾರಿಸುವಾಗ ಖಾಲಿ ಮನೆಗಳು ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವೆಂದು ಎರಡರಲ್ಲಿಯೂ ಸೊನ್ನೆ ಬರೆದೆ. 122ನ್ನು ನಾಲ್ಕರಿಂದ ಭಾಗಿಸಿದೆ. 30.5 ಬಂದಿತು. ಪಾಸಾಗಲು 35 ಬೇಕಿತ್ತು. ನಾಪಾಸೆಂದು ಕೆಂಪು ಶಾಯಿಯಲ್ಲಿ ಬರೆದೆ.

ಹಾಗೆ ಮಾಡಬೇಕೆಂದು ನನಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಅದು ನನ್ನ ಕೈಯ ರೂಢಿ. ಎರಡರಿಂದ ಭಾಗಿಸಿದ್ದರೆ 61 ಬರುತ್ತಿತ್ತು. ಅಥವಾ ಸುಗ್ಗಿ ಮುಗಿದ ಮೇಲೆ ಆಕೆಯನ್ನು ಕರೆಸಿ ಒಂದು ಗಂಟೆ ಕೂಡ್ರಿಸಿ ಆ ಪರೀಕ್ಷೆಗಳನ್ನು ಬರೆಯಿಸಿದ್ದರೂ ಆಗುತ್ತಿತ್ತು. ಎರಡನ್ನೂ ಮಾಡಲಿಲ್ಲ. ಆಕೆ ಮತ್ತೆ ಶಾಲೆಗೆ ಬರಲಿಲ್ಲ. ಮರುವರ್ಷ ಅದೇ ತಂಡ ಹತ್ತನೆಯ ತರಗತಿಯ ಪರೀಕ್ಷೆಯನ್ನು ಬರೆದಾಗ ಗಣಿತದ ಫಲಿತಾಂಶ ಚೆನ್ನಾಗಿ ಬಂದಿತು. ಶಾಲೆಯಲ್ಲಿ ಪೇಢೆ ಹಂಚಿದರು. ನಾನೂ ತಿಂದೆ. ಆಕೆ ಪಟ್ಟಿಯಲ್ಲಿಯೇ ಇರಲಿಲ್ಲವಾದ್ದರಿಂದ ನನ್ನ ಸರಾಸರಿಗೆ ಯಾವ ತೊಂದರೆಯೂ ಆಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. ಜೊತೆಗೆ ಇಬ್ಬರು ಮಕ್ಕಳಿದ್ದರು. ನನಗೆ ಗುರುತು ಹತ್ತಲಿಲ್ಲ. “ಗುರ್ತು ಸಿಗಲಿಲ್ಲೇನ್ರಿ ಸರ? ನಾ ಗಣಿತದಾಗ ನಾಪಾಸಾದಾಕಿ ಅಲ್ರಿ” ಎಂದು ನಕ್ಕು ಹೇಳಿದಳು. ತನ್ನ ಹೆಸರಿಗಿಂತ ಮೊದಲು ಅದನ್ನು ಹೇಳಿದಳು. ನಾನು ಮಕ್ಕಳ ಕೈಗೆ ಬಿಸ್ಕಿಟು ಕೊಡಿಸಿ ಕಳಿಸಿದೆ. ಹೇಳಬೇಕಾದ ಮಾತನ್ನು ಹೇಳಲಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಮಗುವಿನ ಲೆಕ್ಕಕ್ಕೆ ಗರಿಷ್ಠ ಅಂಕವೇ ನ್ಯಾಯ ಎಂಬುದು ನನ್ನ ದೃಢವಾದ ನಂಬಿಕೆ. ಜ್ವರದಲ್ಲಿ ಬರೆದ ಪರೀಕ್ಷೆ, ಮನೆಯಲ್ಲಿ ಸಾವಾದ ವಾರ ಬರೆದ ಪರೀಕ್ಷೆ, ಬಸ್ಸು ತಪ್ಪಿಸಿಕೊಂಡು ಅರ್ಧ ತಾಸು ತಡವಾಗಿ ಬಂದು ಬರೆದ ಪರೀಕ್ಷೆ, ಇವೆಲ್ಲವೂ ಆ ದಿನದ ಕಷ್ಟವನ್ನು ಅಳೆಯುತ್ತವೆಯೇ ಹೊರತು ಮಗುವಿನ ಕಲಿಕೆಯನ್ನು ಅಳೆಯುವುದಿಲ್ಲ. ಒಮ್ಮೆ 62 ಅಂಕ ಪಡೆದ ಮಗುವಿಗೆ ಆ 62ರಷ್ಟು ತಿಳಿದಿದೆ. ಅದೇ ಮಗು ಹಿಂದಿನ ತಿಂಗಳು 40 ಪಡೆದಿದ್ದರೆ ಅದು ಕಲಿಯುವ ಮೊದಲಿನ ಸಂಗತಿ. ಕಲಿತ ಮೇಲೆಯೂ ಕಲಿಯದಿದ್ದ ದಿನದ ದಂಡವನ್ನು ವಸೂಲು ಮಾಡುವುದು ಸಾಹುಕಾರನ ಬಡ್ಡಿಯ ಲೆಕ್ಕವಾದೀತು, ಗುರುವಿನ ಲೆಕ್ಕವಾಗಲಾರದು.

ನಮ್ಮ ಸುತ್ತಲಿನ ಪರೀಕ್ಷಾ ಪದ್ಧತಿಗಳು ಕೂಡ ನಿಧಾನವಾಗಿ ಈ ದಾರಿಗೆ ಬಂದಿವೆ. ನೆರೆಯ ಮಹಾರಾಷ್ಟ್ರದಲ್ಲಿ 2010ರಲ್ಲಿ ಹತ್ತನೆಯ ತರಗತಿಯವರಿಗೆ ಹೆಚ್ಚು ಅಂಕ ಬಂದ ಐದು ವಿಷಯಗಳನ್ನು ಮಾತ್ರ ಕಾಲೇಜು ಪ್ರವೇಶಕ್ಕೆ ಹಿಡಿಯುವ ನಿಯಮವನ್ನು ತಂದರು. ಬೇರೆ ಮಂಡಳಿಗಳ ಪಾಲಕರು ಅದನ್ನು ಪ್ರಶ್ನಿಸಿದರು. ಬಾಂಬೆ ಹೈಕೋರ್ಟು ಅದನ್ನು ರದ್ದುಮಾಡಿತು, ಅದೇ ವರ್ಷ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯನ್ನು 2019ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಸಿ, ಬರೆದವುಗಳಲ್ಲಿ ಉತ್ತಮವಾದುದನ್ನು ಹಿಡಿಯತೊಡಗಿದರು. ನಮ್ಮ ಕರ್ನಾಟಕದಲ್ಲಿಯೂ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳು ಬಂದವು. ‘ಪೂರಕ ಪರೀಕ್ಷೆ’ ಎಂಬ ಕಳಂಕದ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂದಾಯಿತು. ಪಾಸಾದವರೂ ಮತ್ತೆ ಬರೆದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದಾಯಿತು. ಇದು ನನ್ನ ಮೊಮ್ಮಗಳ ಲೆಕ್ಕವೇ ಅಲ್ಲವೇ?

ಆ ಪದ್ಧತಿ ಬಂದಾಗ ನನ್ನ ಹಳೆಯ ಸಹೋದ್ಯೋಗಿಗಳಲ್ಲಿ ಕೆಲವರು, ಇದರಿಂದ ಮಕ್ಕಳಲ್ಲಿ ಶಿಸ್ತು ಹೋಗುತ್ತದೆ, ಮೊದಲ ಪರೀಕ್ಷೆಯನ್ನು ಯಾರೂ ಗಂಭೀರವಾಗಿ ಬರೆಯುವುದಿಲ್ಲ ಎಂದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಬೇಕೆಂದೇ ತಪ್ಪಿಸಿಕೊಳ್ಳುವ ಹುಡುಗರನ್ನು ನಾನೂ ಕಂಡಿದ್ದೇನೆ. ಆದರೆ ಮನೆಯನ್ನು ಖಾಲಿ ಬಿಡುವುದು ಬಹುಮಾನವಲ್ಲ. ಖಾಲಿ ಮನೆಯೆಂದರೆ ಇನ್ನೂ ಉತ್ತರ ಸಿಗದ ಪ್ರಶ್ನೆ. ಆ ಮಗುವನ್ನು ಕರೆದು ಮತ್ತೆ ಪರೀಕ್ಷೆ ಬರೆಯಿಸುವವರೆಗೆ ಆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಸೊನ್ನೆ ಬರೆದರೆ ಮಾತ್ರ ಮಾಸ್ತರನ ಕೆಲಸ ಅಲ್ಲಿಗೇ ಮುಗಿದಂತಾಗುತ್ತದೆ. ನಾನು ಸೊನ್ನೆ ಬರೆದದ್ದು ಕಠಿಣ ಶಿಸ್ತಿಗಾಗಿ ಎಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದು ನನ್ನ ಸೋಮಾರಿತನ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಗರಿಷ್ಠ ಅಂಕ ಮಗುವಿಗೆ ಸಲ್ಲಬೇಕಾದುದು. ಅವುಗಳನ್ನು ಕೂಡಿಸಿ ಸರಾಸರಿ ತೆಗೆದು ಶಾಲೆಯಾಗಲಿ, ಮಾಸ್ತರನಾಗಲಿ, ಸರಕಾರವಾಗಲಿ ಎದೆಯುಬ್ಬಿಸಿಕೊಳ್ಳಬಾರದು. ಕಾರಣ ಗಣಿತದಲ್ಲಿಯೇ ಇದೆ. ಒಂದು ದಾಳವನ್ನು ಅನೇಕ ಸಲ ಉರುಳಿಸಿದರೆ ಸರಾಸರಿ 3.5 ಬರುತ್ತದೆ. ಪ್ರತಿಸಲವೂ ಎರಡು ಬಾರಿ ಉರುಳಿಸಿ ಹೆಚ್ಚಿನದನ್ನು ಮಾತ್ರ ಬರೆದುಕೊಂಡರೆ ಸರಾಸರಿ ಸುಮಾರು 4.47 ಆಗುತ್ತದೆ. ಮೂರು ಬಾರಿ ಉರುಳಿಸಿ ಹೆಚ್ಚಿನದನ್ನು ಬರೆದುಕೊಂಡರೆ ಸುಮಾರು 4.96. ದಾಳ ಏನೂ ಕಲಿತಿಲ್ಲ. ಅವಕಾಶಗಳು ಹೆಚ್ಚಾದವು, ಅಷ್ಟೇ. ಆದ್ದರಿಂದ ಮೂರು ಅವಕಾಶವಿದ್ದ ವರ್ಷದ ಗರಿಷ್ಠಗಳ ಸರಾಸರಿಯನ್ನು ಒಂದೇ ಅವಕಾಶವಿದ್ದ ವರ್ಷದ ಸರಾಸರಿಯ ಪಕ್ಕದಲ್ಲಿಟ್ಟು ‘ಮಟ್ಟ ಸುಧಾರಿಸಿತು’ ಎನ್ನುವುದು ದಾಳವನ್ನು ಜಾಣನೆಂದು ಹೊಗಳಿದಂತೆ.

ನಿಯಮ ಬದಲಾದಾಗ ಸಂಖ್ಯೆಯ ಅರ್ಥವೂ ಬದಲಾಗುತ್ತದೆ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇಕಡಾ 83.89 ಇದ್ದುದು 2024ರ ಪರೀಕ್ಷೆ-1ರಲ್ಲಿ, ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ, ಶೇಕಡಾ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳೆಲ್ಲ ದಡ್ಡರಾದರೇ? ಆ ವರ್ಷ ಪರೀಕ್ಷಾ ಕೋಣೆಗಳ ಮೇಲೆ ಕ್ಯಾಮೆರಾದ ಮೂಲಕ ನಿಗಾ ಇಡಲಾಗಿತ್ತು. ಸಂಖ್ಯೆಯನ್ನು ಓದುವ ಮೊದಲು ಅದು ಯಾವ ನಿಯಮದಿಂದ ಹುಟ್ಟಿತೆಂದು ಕೇಳಬೇಕೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಇನ್ನೊಂದು ಮಾತು. ಅವಕಾಶ ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ. ಪಟ್ಟಣದ ಹುಡುಗ ಶುಲ್ಕ ಕಟ್ಟಿ, ಟ್ಯೂಷನ್ನಿಗೆ ಹೋಗಿ ಪ್ರವೇಶ ಪರೀಕ್ಷೆಯನ್ನು ಎರಡನೆಯ ಸಲ ಬರೆಯುತ್ತಾನೆ. ದುಡಿಯಲು ಹೋದ ಮನೆಯ ಮಗುವಿಗೆ ಮೊದಲನೆಯ ಸಲ ಬರೆಯುವುದೇ ಕಷ್ಟ. ಇಬ್ಬರ ಗರಿಷ್ಠ ಅಂಕಗಳನ್ನೂ ಒಂದೇ ತಕ್ಕಡಿಯಲ್ಲಿ ಇಡುವಾಗ ಯಾರಿಗೆ ಎಷ್ಟು ಅವಕಾಶ ಸಿಕ್ಕಿತೆಂಬ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದಿಡಬೇಕು. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾನಾಪುರದ ಕಾಡಿನಲ್ಲಿ ಸುರಿದ ಮಳೆಯನ್ನು ಸೇರಿಸಿ ಜಿಲ್ಲೆಯ ಸರಾಸರಿ ತೆಗೆದರೆ ಸವದತ್ತಿಯ ಹೊಲ ತೊಯ್ಯುವುದಿಲ್ಲ.

ಹಾಗಾದರೆ ಶಾಲೆಯನ್ನು ಅಳೆಯುವುದು ಹೇಗೆ? ನನ್ನ ಉತ್ತರ ಇದು. ಮಗುವಿನ ಅಂಕಪಟ್ಟಿಯಲ್ಲಿ ಗರಿಷ್ಠವನ್ನು ಬರೆಯಿರಿ. ಶಾಲೆಯ ಪಟ್ಟಿಯಲ್ಲಿ ಮೊದಲ ಪರೀಕ್ಷೆಯ ಅಂಕವನ್ನೂ ಗರಿಷ್ಠ ಅಂಕವನ್ನೂ ಎರಡನ್ನೂ ಬರೆಯಿರಿ. ಅವೆರಡರ ನಡುವಿನ ಅಂತರದಲ್ಲಿ ಮಗುವಿನ ಶ್ರಮವೂ ಇರುತ್ತದೆ, ನಾವು ಮೊದಲೇ ಕಲಿಸದೆ ಬಿಟ್ಟದ್ದೂ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷದ ಆರಂಭದಲ್ಲಿ ಹಾಜರಿ ಪುಸ್ತಕದಲ್ಲಿದ್ದು ಒಂದು ಪರೀಕ್ಷೆಯನ್ನೂ ಬರೆಯದ ಮಕ್ಕಳೆಷ್ಟು ಎಂಬುದನ್ನು ಸರಾಸರಿಯ ಪಕ್ಕದಲ್ಲಿಯೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆ ಸಂಖ್ಯೆಯಿಲ್ಲದ ಸರಾಸರಿಯನ್ನು ನಂಬಬೇಡಿರಿ. ಮಕ್ಕಳಿಗೆ ದಯೆ, ನಮಗೆ ಕಠಿಣತೆ. ನಾನು ನನ್ನ ಕಾಲದಲ್ಲಿ ಇದನ್ನು ತಿರುವುಮುರುವಾಗಿ ಮಾಡಿದೆ.

ಸಂಜೆ ಮೊಮ್ಮಗಳೊಡನೆ ನಮ್ಮ ಊರಿನ ಕಮಲನಾರಾಯಣ ಗುಡಿಗೆ ಹೋಗಿ ಕುಳಿತಿದ್ದಾಗಲೂ ಇದೇ ಮಾತು. ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಇದು. ಕಟ್ಟಿದ ಶಿಲ್ಪಿ ತಿಪ್ಪೋಜ. ಒಳಗಿನ ಕೆತ್ತನೆಯನ್ನು ನೋಡಿ ತಿಪ್ಪೋಜನನ್ನು ಇಂದಿಗೂ ಹೊಗಳುತ್ತೇವೆ. ಯಾವ ಶಿಲ್ಪಿಯೂ ಕಲ್ಲು ಒಡೆಯದೆ ಕೆಲಸ ಕಲಿತಿರಲಾರನು. ಆದರೂ ಒಡೆದ ಕಲ್ಲುಗಳನ್ನು ಸೇರಿಸಿ ಯಾರೂ ಸರಾಸರಿ ತೆಗೆಯುವುದಿಲ್ಲ. ಹಾಗೆಂದು ಮೊಮ್ಮಗಳಿಗೆ ಹೇಳಿದೆ.

ಆಕೆ ತಲೆಯೆತ್ತಿ ನೋಡಿ, “ಆದ್ರ ಅಜ್ಜಾ, ಮ್ಯಾಲಿನ ತೊಲಿ ಹಂಗಲ್ಲಲ್ಲ. ಒಂದ ತೊಲಿ ಸೊಟ್ಟಾದ್ರೂ ಛತ್ತ ಬೀಳತೈತಿ” ಎಂದಳು.

ಹುಡುಗಿ ಸರಿಯಾಗಿಯೇ ಹೇಳಿದಳು. ಕೆತ್ತನೆಯನ್ನು ಗರಿಷ್ಠದಿಂದ ಅಳೆಯಬೇಕು, ತೊಲೆಯನ್ನು ಕನಿಷ್ಠದಿಂದ ಅಳೆಯಬೇಕು. ಮಕ್ಕಳು ಕೆತ್ತನೆಯಂತೆ. ಶಾಲೆ ತೊಲೆಯಂತೆ. ಅತ್ಯಂತ ಹಿಂದುಳಿದ ಮಗುವಿನ ತಲೆಯ ಮೇಲೆ ಶಾಲೆಯ ಆಸರೆ ನಿಂತಿದೆಯೇ ಇಲ್ಲವೇ ಎಂಬುದೇ ಶಾಲೆಯ ಪರೀಕ್ಷೆ.

ಮನೆಗೆ ಬಂದ ಮೇಲೆ ಆಕೆ ತನ್ನ ಪ್ರೋಗ್ರಾಂನ್ನು ಮತ್ತೊಮ್ಮೆ ತಿದ್ದಿದಳು. ಮೊದಲು ಪ್ರತಿಯೊಬ್ಬರ ಮನೆಯಲ್ಲಿಯೂ ಸೊನ್ನೆ ತುಂಬಿಟ್ಟು ಆರಂಭಿಸುತ್ತಿದ್ದಳಂತೆ. ಅದರಲ್ಲಿಯೂ ಒಂದು ಮೋಸವಿದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗಳಲ್ಲಿ ಒಬ್ಬನಿಗೆ ಸೊನ್ನೆಗಿಂತ ಕಡಿಮೆ ಮೂರು ಅಂಕ ಬಂದಿದ್ದರೆ ಪ್ರೋಗ್ರಾಂ ಆತನ ಗರಿಷ್ಠವನ್ನು ಸೊನ್ನೆಯೆಂದು ಹೇಳುತ್ತದೆ, ಆತ ಎಂದೂ ಪಡೆಯದ ಅಂಕವನ್ನು ಆತನ ಹೆಸರಿಗೆ ಬರೆಯುತ್ತದೆ. ಆದ್ದರಿಂದ ‘ಇನ್ನೂ ಏನೂ ಇಲ್ಲ’ ಎಂಬ ಗುರುತಿನಿಂದ ಆರಂಭಿಸಬೇಕು. ಪೈಥಾನ್‌ನಲ್ಲಿ ಅದಕ್ಕಾಗಿಯೇ ‘ನನ್’ ಎಂಬ ಬೇರೆಯ ಪದವಿದೆ. ಸೊನ್ನೆಗೂ ಇಲ್ಲದಿರುವಿಕೆಗೂ ಬೇರೆ ಬೇರೆ ಪದಗಳನ್ನು ಇಟ್ಟವರ ಬಗ್ಗೆ ನನಗೆ ಗೌರವವುಂಟಾಯಿತು. ಕೊನೆಗೆ ಆಕೆ ಇನ್ನೊಂದು ಸಾಲನ್ನು ಸೇರಿಸಿದಳು. ಈಗ ಆ ಪ್ರೋಗ್ರಾಂ ಸರಾಸರಿಯ ಕೆಳಗೆ ‘ಒಂದು ಪರೀಕ್ಷೆಯನ್ನೂ ಬರೆಯದವರು: 1’ ಎಂದು ತೋರಿಸುತ್ತದೆ. ಲೆಕ್ಕದಲ್ಲಿ ಇದನ್ನು ಕೇಳಿರಲಿಲ್ಲ. ಇದಕ್ಕೆ ಆಕೆಗೆ ಹೆಚ್ಚಿನ ಅಂಕವೂ ಬರುವುದಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಶಿಕ್ಷಕರಾಗಿರುವವರಿಗೆ ಒಂದು ಕೆಲಸದ ಮಾತು. ನೀವು ಅಂಕಗಳನ್ನು ಎಕ್ಸೆಲ್‌ನಲ್ಲಿ ತುಂಬುತ್ತೀರಿ. ಅದರಲ್ಲಿ ಸರಾಸರಿಯ ಸೂತ್ರವು ಖಾಲಿ ಮನೆಯನ್ನು ಎಣಿಸುವುದಿಲ್ಲ, ಸೊನ್ನೆ ಬರೆದ ಮನೆಯನ್ನು ಎಣಿಸುತ್ತದೆ. ಹಾಳೆ ತುಂಬಿದಂತೆ ಕಾಣಲೆಂದು ನೀವು ಒತ್ತುವ ಒಂದು ಸೊನ್ನೆ ಒಂದು ಮಗುವಿನ ವರ್ಷವನ್ನು ತಿಂದುಹಾಕಬಲ್ಲದು. ಮನೆಯನ್ನು ಖಾಲಿ ಬಿಡಿರಿ, ಪಕ್ಕದಲ್ಲಿ ಮಗು ಏಕೆ ಬರಲಿಲ್ಲವೆಂದು ಒಂದು ಸಾಲು ಬರೆಯಿರಿ, ಮತ್ತು ಆ ಮಗುವನ್ನು ಕರೆಯಿಸಿರಿ. ಗಣಕಯಂತ್ರದ ಉದ್ಯೋಗದಲ್ಲಿರುವವರಿಗೂ ಅದೇ ಮಾತು. ನಿಮ್ಮ ಕಡತದಲ್ಲಿ ಇಲ್ಲದವರು ಊರಿನಲ್ಲಿ ಇರುತ್ತಾರೆ. ಭಾಗಿಸುವ ಮೊದಲು ಅವರನ್ನು ಎಣಿಸಿರಿ.

ಕೊನೆಯದಾಗಿ, ಬಸ್ ನಿಲ್ದಾಣದಲ್ಲಿ ನಾನು ಹೇಳದೆ ಉಳಿಸಿಕೊಂಡ ಮಾತು. ಆ ತಂಡದಲ್ಲಿ ಓದಿದವರು ಇದನ್ನು ಓದುತ್ತಿದ್ದರೆ, ಆಕೆ ಎಲ್ಲಿದ್ದಾಳೆಂದು ಬಲ್ಲವರಿದ್ದರೆ, ದಯವಿಟ್ಟು ಆಕೆಗೆ ಮುಟ್ಟಿಸಿರಿ. ತಂಗೀ, ನೀನು ಗಣಿತದಲ್ಲಿ ನಾಪಾಸಾಗಿರಲಿಲ್ಲ. ನೀನು ಬರೆದ ಎರಡು ಪರೀಕ್ಷೆಗಳ ಸರಾಸರಿ ಅರವತ್ತೊಂದು, ನಿನ್ನ ಗರಿಷ್ಠ ಅಂಕ ಅರವತ್ನಾಲ್ಕು. ಲೆಕ್ಕ ತಪ್ಪಿದವನು ನಿನ್ನ ಮಾಸ್ತರ.